ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ತಾ ಇದ್ಯಾ? ಕೇಳ್ತಿರೋದು ಯಾರು ಅಂತ ಮೊದಲು ನೋಡಿ

ತಿಂಗಳ ಎರಡನೇ ಮಂಗಳವಾರ ಕಳೆದು ಬುಧವಾರ ಬೆಳಗಾಯಿತು ಅಂದರೆ ನನ್ನ ಫೋನ್ ಪೂರ್ತಿ ಚಾರ್ಜ್ ಆಗಿರಬೇಕು. ಮೈಕ್ರೋಸಾಫ್ಟ್‌ನವರು ತಿಂಗಳ ಭದ್ರತಾ ಅಪ್‌ಡೇಟ್ ಬಿಡೋದು ಆ ಮಂಗಳವಾರವೇ. ಅವರಿಗೆ ಬೆಳಗಿನ ಹೊತ್ತು, ನಮಗೆ ಊಟ ಮುಗಿಸಿ ಮಲಗುವ ಹೊತ್ತು. ರಾತ್ರಿ ಇಳಿಸಿಕೊಂಡು, ತನ್ನಷ್ಟಕ್ಕೆ ರೀಸ್ಟಾರ್ಟ್ ಆಗಿ, ಬೆಳಿಗ್ಗೆ ಏನೂ ಗೊತ್ತಿಲ್ಲದ ಹಾಗೆ ಕೂತಿರುತ್ತದೆ ಕಂಪ್ಯೂಟರ್. ಒಂಬತ್ತೂವರೆಗೆ ಶಿರಸಿ ಪೇಟೆಯಿಂದ ಮಾವನ ಫೋನು. ಅವರದು ಅಡಿಕೆ ವ್ಯಾಪಾರ. "ತಮಾ, ಕಂಪ್ಯೂಟರ್ ಎಂತದೋ ಪಾಸ್‌ವರ್ಡ್ ಕೇಳ್ತಾ ಇದ್ದು. ಆನು ಎಂತೂ ಮುಟ್ಟಿದ್ನಿಲ್ಲೆ."

ಮುಟ್ಟಿಲ್ಲ ಅನ್ನೋದು ನಿಜವೇ. ಆದರೆ "ಪಾಸ್‌ವರ್ಡ್ ಕೇಳ್ತಾ ಇದ್ದು" ಅನ್ನೋ ಮಾತಿನಿಂದ ನನಗೆ ಏನೂ ಗೊತ್ತಾಗೋದಿಲ್ಲ. ಯಾಕೆಂದರೆ ಒಂದೇ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಕೇಳುವವರು ಐದಾರು ಜನ ಇದ್ದಾರೆ. ಲಾಕ್ ಸ್ಕ್ರೀನ್ ಕೇಳುತ್ತದೆ. ವಿಂಡೋಸ್ ಶುರುವಾಗುವ ಮೊದಲೇ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೇಳುತ್ತದೆ. ಪಕ್ಕದ ರೂಮಿನ ಕಂಪ್ಯೂಟರ್ ಕೇಳುತ್ತದೆ. ಏನೋ ಒಂದು ಸಾಫ್ಟ್‌ವೇರ್ ಅಡ್ಮಿನ್ ಅನುಮತಿ ಕೇಳುತ್ತದೆ. ಬ್ರೌಸರ್ ಕೇಳುತ್ತದೆ. ಕೊನೆಗೆ, ಬ್ರೌಸರ್ ಒಳಗೆ ಕೂತ ಕಳ್ಳನೂ ಕೇಳುತ್ತಾನೆ. ಇವರೆಲ್ಲರಿಗೂ ಒಂದೇ ಉತ್ತರ ನಡೆಯೋದಿಲ್ಲ. ನಾನು ನೋಡಿದ ಹಾಗೆ, ಹಾಳಾದ ಕೇಸುಗಳಲ್ಲಿ ಜಾಸ್ತಿ ಪಾಲು ಅಪ್‌ಡೇಟ್‌ನಿಂದ ಹಾಳಾದದ್ದಲ್ಲ. ಯಾರು ಕೇಳುತ್ತಿದ್ದಾರೆ ಅಂತ ನೋಡದೆ ಗಡಿಬಿಡಿಯಲ್ಲಿ ಏನೇನೋ ರೀಸೆಟ್ ಮಾಡಿ ಹಾಳಾದದ್ದು.

ಹಾಗಾಗಿ ಕೀಬೋರ್ಡ್ ಮುಟ್ಟುವ ಮೊದಲು ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದುಕೊಳ್ಳಿ. ಪೂರ್ತಿ ಪರದೆ ಬರಲಿ, ಮೂಲೆಯ ಚಿಕ್ಕ ಅಕ್ಷರವೂ ಸೇರಿ. ಆಮೇಲೆ ಕೆಳಗಿನದು ಓದಿ.

ಮೊದಲನೇ ಪರೀಕ್ಷೆ: ಇದು ವಿಂಡೋಸ್ ಹೌದೋ ಅಲ್ಲವೋ

ಕೀಬೋರ್ಡ್‌ನ ವಿಂಡೋಸ್ ಕೀ ಒಂದು ಸಲ ಒತ್ತಿ. ಸ್ಟಾರ್ಟ್ ಮೆನು ತೆರೆಯಿತಾ? ಹಾಗಾದರೆ ನೀವು ಆಗಲೇ ಒಳಗಿದ್ದೀರಿ. ನಿಮ್ಮ ಮುಂದಿರುವುದು ಲಾಕ್ ಸ್ಕ್ರೀನ್ ಅಲ್ಲ, ಯಾವುದೋ ಒಂದು ಕಿಟಕಿ. ನಿಜವಾದ ಲಾಕ್ ಸ್ಕ್ರೀನ್‌ನಲ್ಲಿ ಸ್ಟಾರ್ಟ್ ಮೆನು ಬರೋದಿಲ್ಲ.

ಒಳಗಿದ್ದೂ ಪರದೆ ತುಂಬ "ಅಪ್‌ಡೇಟ್ ಆದ ಮೇಲೆ ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಇದ್ದರೆ, ಅದು ಮೋಸ. ವಿಂಡೋಸ್‌ನ ದೋಷದ ಸಂದೇಶದಲ್ಲಿ ಫೋನ್ ನಂಬರ್ ಇರೋದಿಲ್ಲ. ಮೈಕ್ರೋಸಾಫ್ಟ್‌ನವರೇ ಹೇಳುವ ಮಾತು ಇದು. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ನೋಡಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ. ಆಮೇಲೆ ಬ್ರೌಸರ್ ತೆರೆದಾಗ "ಹಳೇ ಪುಟಗಳನ್ನು ಮತ್ತೆ ತೆರೆಯಲಾ" ಅಂತ ಕೇಳುತ್ತದೆ. ಬೇಡ ಅನ್ನಿ. ಅಷ್ಟರೊಳಗೆ ಯಾರಾದರೂ ಆ ನಂಬರಿಗೆ ಫೋನ್ ಮಾಡಿ ದುಡ್ಡು ಕೊಟ್ಟುಬಿಟ್ಟಿದ್ದರೆ ನಾಚಿಕೆ ಪಟ್ಟು ಕೂರಬೇಡಿ. ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಜಾಸ್ತಿ.

ಮೋಸ ಅಲ್ಲ, ಆದರೂ ಒಳ್ಳೆ ಕಿರಿಕಿರಿ ಅನ್ನಿಸುವ ಇನ್ನೊಂದು ಪರದೆ ಇದೆ. ಅಪ್‌ಡೇಟ್ ಆದ ಮೇಲೆ ನೀಲಿ ಹಿನ್ನೆಲೆಯಲ್ಲಿ "ನಿಮ್ಮ ಸಾಧನದ ಸೆಟಪ್ ಮುಗಿಸೋಣ" ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಮೈಕ್ರೋಸಾಫ್ಟ್ ಖಾತೆ ಕೊಡಿ, ಒನ್‌ಡ್ರೈವ್ ಹಾಕಿಕೊಳ್ಳಿ ಅನ್ನುತ್ತದೆ. ಇದನ್ನು ಲಾಗಿನ್ ಅಂತ ತಿಳಿದು ಜನ ಹೊಸ ಖಾತೆಯನ್ನೇ ಮಾಡಿಬಿಡುತ್ತಾರೆ. ಬೇಡ. ಕೆಳಗೆ "ಮೂರು ದಿನ ಬಿಟ್ಟು ನೆನಪಿಸಿ" ಅನ್ನುವ ಬಟನ್ ಇರುತ್ತದೆ, ಅದನ್ನು ಒತ್ತಿ ಒಳಗೆ ಹೋಗಿ. ಕಾಯಂ ನಿಲ್ಲಿಸಬೇಕಾದರೆ ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಶನ್ಸ್‌ಗೆ ಹೋಗಿ ಕಟ್ಟಕಡೆಗೆ ಇಳಿಯಿರಿ. ಅಲ್ಲಿ ಅಡಿಷನಲ್ ಸೆಟ್ಟಿಂಗ್ಸ್ ಒಳಗಿನ ಟಿಕ್‌ಗಳನ್ನು ತೆಗೆದುಹಾಕಿ.

ಲಾಕ್ ಸ್ಕ್ರೀನ್: ಪಿನ್ ಬೇರೆ, ಪಾಸ್‌ವರ್ಡ್ ಬೇರೆ

ಮಾವನ ಫೋನಿಗೆ ವಾಪಸ್ ಬರೋಣ. ಅವರ ಪಿನ್ ನಾಲ್ಕು ಅಂಕಿ. ಬಲಗಡೆಯ ನಂಬರ್ ಪ್ಯಾಡಿನಲ್ಲಿ ಒತ್ತುತ್ತಿದ್ದರು. ನಮ್‌ಲಾಕ್ ಆಫ್ ಆಗಿತ್ತು. ಒಂದು ಅಂಕಿಯೂ ಬೀಳುತ್ತಿರಲಿಲ್ಲ. ಅಷ್ಟೇ ಕತೆ. ನಗಬೇಡಿ, ಇಂಥ ಫೋನು ನನಗೆ ವಾರಕ್ಕೊಂದು ಬರುತ್ತದೆ. ಆದ್ದರಿಂದ ದೊಡ್ಡ ರಿಪೇರಿಗೆ ಇಳಿಯುವ ಮೊದಲು ಇದಿಷ್ಟು ನೋಡಿ:

1. ನಮ್‌ಲಾಕ್ ದೀಪ ಹತ್ತಿದೆಯಾ, ಕ್ಯಾಪ್ಸ್‌ಲಾಕ್ ಆರಿದೆಯಾ.

2. ಕೆಳಗಿನ ಬಲ ಮೂಲೆಯಲ್ಲಿ ಭಾಷೆ ಏನು ತೋರಿಸುತ್ತಿದೆ. ವಿಂಡೋಸ್‌ನ ಕನ್ನಡ ಕೀಬೋರ್ಡ್ ಹಾಕಿಕೊಂಡವರಿಗೆ ಇದು ಕಾಟ ಕೊಡುತ್ತದೆ. ಲಾಕ್ ಸ್ಕ್ರೀನ್ ಕನ್ನಡದಲ್ಲಿ ಕೂತಿದ್ದರೆ ನೀವು ಇಂಗ್ಲಿಷ್ ಅಂತ ಒತ್ತಿದ್ದೆಲ್ಲ ಕನ್ನಡವಾಗಿ ಬೀಳುತ್ತದೆ. ಆದರೆ ಕಾಣುವುದು ಬರೀ ಚುಕ್ಕಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

3. ಪಾಸ್‌ವರ್ಡ್‌ನಲ್ಲಿ @ ಇದೆಯಾ? ಇಂಗ್ಲೆಂಡಿನ ಕೀಬೋರ್ಡ್ ವಿನ್ಯಾಸ ಬಂದು ಕೂತಿದ್ದರೆ @ ಒತ್ತಿದ ಜಾಗದಲ್ಲಿ ಉದ್ಧರಣ ಚಿಹ್ನೆ ಬೀಳುತ್ತದೆ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿತ್ರ ಒತ್ತಿ ಹಿಡಿದರೆ ಏನು ಬಿದ್ದಿದೆ ಅಂತ ಕಾಣುತ್ತದೆ.

4. ಪರದೆ ಮೇಲಿರುವ ಹೆಸರು ನಿಮ್ಮದೇನಾ. ಎಡಗಡೆ ಕೆಳಗೆ ಬೇರೆ ಹೆಸರುಗಳು ಇರಬಹುದು. ಮಗನ ಖಾತೆ ಮೇಲೆ ಬಂದು ಕೂತಿದ್ದಾಗ ಅಪ್ಪನ ಪಿನ್ ಎಷ್ಟು ಸಲ ಒತ್ತಿದರೂ ಅಷ್ಟೇ.

ಇವೆಲ್ಲ ಸರಿ ಇದ್ದೂ ಒಳಗೆ ಬಿಡುತ್ತಿಲ್ಲ ಅಂದರೆ ಪಿನ್ ಮತ್ತು ಪಾಸ್‌ವರ್ಡ್ ವ್ಯತ್ಯಾಸ ತಿಳಿದಿರಬೇಕು. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು. ಅದು ಇಂಟರ್ನೆಟ್‌ನಲ್ಲಿ ಎಲ್ಲೂ ಇರೋದಿಲ್ಲ. ಮದರ್‌ಬೋರ್ಡಿನ ಟಿಪಿಎಮ್ ಅನ್ನುವ ಭದ್ರತಾ ಚಿಪ್‌ಗೆ ಕಟ್ಟಿಕೊಂಡಿರುತ್ತದೆ. ಪಾಸ್‌ವರ್ಡ್ ಖಾತೆಗೆ ಸೇರಿದ್ದು. ಅಪ್‌ಡೇಟ್ ಜೊತೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡಿ ಕಂಪ್ಯೂಟರನ್ನು ಎಬ್ಬಿಸುವ ಸಾಫ್ಟ್‌ವೇರ್) ಬದಲಾದಾಗ, ಭದ್ರತಾ ಸೆಟ್ಟಿಂಗ್ ಅಲುಗಾಡಿದಾಗ, ಆ ಚಿಪ್ಪು ಮತ್ತು ಪಿನ್ ನಡುವಿನ ಗಂಟು ಬಿಚ್ಚಿಕೊಳ್ಳಬಹುದು. ಆಗ "ನಿಮ್ಮ ಪಿನ್ ಲಭ್ಯವಿಲ್ಲ" ಅನ್ನುವ ಅರ್ಥದ ಸಂದೇಶ ಬರುತ್ತದೆ. ನಿಮ್ಮ ಫೈಲ್‌ಗಳಿಗೆ ಏನೂ ಆಗಿಲ್ಲ. ಪಿನ್ ಮಾತ್ರ ಹೋಗಿದೆ.

ಆಗ ಮಾಡಬೇಕಾದ್ದು: ಬಲ ಮೂಲೆಯ ವೈಫೈ ಚಿತ್ರ ಒತ್ತಿ ಇಂಟರ್ನೆಟ್ ಜೋಡಿಸಿ. ಲಾಕ್ ಸ್ಕ್ರೀನ್‌ನಿಂದಲೇ ಜೋಡಿಸಬಹುದು, ಬಹಳ ಜನಕ್ಕೆ ಇದು ಗೊತ್ತಿಲ್ಲ. ಆಮೇಲೆ "ಪಿನ್ ಮರೆತಿದ್ದೇನೆ" ಅನ್ನುವುದನ್ನು ಒತ್ತಿ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಕೊಟ್ಟು ಹೊಸ ಪಿನ್ ಮಾಡಿಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೆ "ಸೈನ್ ಇನ್ ಆಪ್ಷನ್ಸ್" ಒತ್ತಿ, ಕೀಲಿ ಚಿತ್ರ ಆರಿಸಿ, ಪಾಸ್‌ವರ್ಡ್‌ನಿಂದಲೇ ಒಳಗೆ ಹೋಗಿ.

ಕೀಲಿ ಚಿತ್ರವೇ ಇಲ್ಲ ಅನ್ನುತ್ತೀರಾ? ಇದ್ದರೂ ಇರಬಹುದು, ಕಾಣದೆ. 2025ರ ಆಗಸ್ಟ್ ಕೊನೆಯಲ್ಲಿ ಬಂದ ಕೆಬಿ5064081 ಅನ್ನುವ ವಿಂಡೋಸ್ 11 ಅಪ್‌ಡೇಟ್ ಮತ್ತು ಅದರ ನಂತರದ ಕೆಲವು ಅಪ್‌ಡೇಟ್‌ಗಳಲ್ಲಿ ಈ ಪಾಸ್‌ವರ್ಡ್ ಚಿತ್ರ ಮಾಯವಾಗುತ್ತಿತ್ತು. ಚಿತ್ರ ಮಾತ್ರ ಮಾಯ, ಬಟನ್ ಅಲ್ಲೇ ಇತ್ತು! ಖಾಲಿ ಜಾಗದ ಮೇಲೆ ಮೌಸ್ ಆಡಿಸಿದರೆ ಚೌಕ ಮೂಡುತ್ತಿತ್ತು, ಒತ್ತಿದರೆ ಪಾಸ್‌ವರ್ಡ್ ಪೆಟ್ಟಿಗೆ ತೆರೆಯುತ್ತಿತ್ತು. ಮೈಕ್ರೋಸಾಫ್ಟ್‌ನವರೇ ಆಮೇಲೆ ಇದನ್ನು ಒಪ್ಪಿಕೊಂಡು, ಖಾಲಿ ಜಾಗದಲ್ಲಿ ಮೌಸ್ ಆಡಿಸಿ ಅಂತ ಸಲಹೆ ಕೊಟ್ಟರು. ತುಂಬ ದಿನ ಅಪ್‌ಡೇಟ್ ನಿಲ್ಲಿಸಿಟ್ಟ ಕಂಪ್ಯೂಟರ್ ನಿಮ್ಮದಾಗಿದ್ದರೆ ಒಂದು ಸಲ ಮೌಸ್ ಆಡಿಸಿ ನೋಡಿ.

ತಪ್ಪು ಪಿನ್ ನಾಲ್ಕೈದು ಸಲ ಒತ್ತಿದರೆ "ಎ1ಬಿ2ಸಿ3 ಅಂತ ಟೈಪ್ ಮಾಡಿ" ಅನ್ನುತ್ತದೆ. ಹೆದರಬೇಡಿ, ಅದು ವೈರಸ್ ಅಲ್ಲ. ಕೀಬೋರ್ಡ್ ಸರಿಯಾಗಿ ಬೀಳುತ್ತಿದೆಯಾ ಅಂತ ನೋಡುವ ಉಪಾಯ. ಇಂಗ್ಲಿಷಿನಲ್ಲಿ ಹಾಗೆಯೇ ಟೈಪ್ ಮಾಡಿ. ಆದರೆ ಅಲ್ಲಿಗೆ ನಿಲ್ಲಿಸಿ ಯೋಚನೆ ಮಾಡಿ. ವಿಂಡೋಸ್ 11ರ ಹೊಸ ಇನ್‌ಸ್ಟಾಲ್‌ಗಳಲ್ಲಿ ಪಾಸ್‌ವರ್ಡ್ ಹತ್ತು ಸಲ ತಪ್ಪಿದರೆ ಹತ್ತು ನಿಮಿಷ ಖಾತೆಯೇ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು. ಅಂಗಡಿಗೆ ಒಯ್ದರೆ ಕೆಲವರು ಪೆನ್‌ಡ್ರೈವ್ ಹಾಕಿ ಲೋಕಲ್ ಖಾತೆಯ (ಮೈಕ್ರೋಸಾಫ್ಟ್ ಖಾತೆಯಲ್ಲ, ಆ ಕಂಪ್ಯೂಟರಿನಲ್ಲಷ್ಟೇ ಇರುವ ಖಾತೆ) ಪಾಸ್‌ವರ್ಡನ್ನೇ ಅಳಿಸಿಕೊಡುತ್ತಾರೆ. ಒಳಗೇನೋ ಹೋಗಬಹುದು. ಆದರೆ ವಿಂಡೋಸ್ ನಿಮ್ಮ ಬ್ರೌಸರಿನ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡೋದು ನಿಮ್ಮ ಲಾಗಿನ್ ಪಾಸ್‌ವರ್ಡ್‌ನ ಆಧಾರದ ಮೇಲೆ. ನೀವೇ ಒಳಗಿನಿಂದ ಬದಲಾಯಿಸಿದರೆ ಅದೂ ಜೊತೆಗೆ ಬದಲಾಗುತ್ತದೆ. ಹೊರಗಿನಿಂದ ಯಾರೋ ಅಳಿಸಿದರೆ ಆ ಬೀಗ ತೆರೆಯುವುದಿಲ್ಲ. ಜಿಮೇಲ್, ಬ್ಯಾಂಕು, ಎಲ್ಲ ಒಂದೊಂದಾಗಿ ಮತ್ತೆ ಲಾಗಿನ್ ಕೇಳಲು ಶುರುಮಾಡುತ್ತವೆ. "ಅಪ್‌ಡೇಟ್ ಆದ ಮೇಲೆ ಎಲ್ಲಾ ಸೈಟೂ ಪಾಸ್‌ವರ್ಡ್ ಕೇಳ್ತಿದೆ" ಅಂತ ಬಂದವರನ್ನು ಕೆದಕಿ ಕೇಳಿದರೆ ಹಿಂದಿನ ದಿನ ಇದೇ ಆಗಿರುತ್ತದೆ.

ನೀಲಿ ಪರದೆ, 48 ಅಂಕಿ

ಇದು ನಿಜಕ್ಕೂ ಎದೆ ಧಸಕ್ ಅನ್ನಿಸುವಂಥದ್ದು. ಹೋದ ಮಳೆಗಾಲದಲ್ಲಿ ಕಾರವಾರದಲ್ಲಿ ಓದುವ ಅಕ್ಕನ ಮಗಳು ಫೋಟೋ ಕಳಿಸಿದಳು. ನೀಲಿ ಪರದೆ, ಬಿಟ್‌ಲಾಕರ್ ರಿಕವರಿ, 48 ಅಂಕಿಯ ಕೀ ಕೊಡಿ. ನಾಳೆ ಪ್ರಾಜೆಕ್ಟ್ ಒಪ್ಪಿಸಬೇಕು. "ಬಿಟ್‌ಲಾಕರ್ ಅಂದ್ರೆ ಎಂತದು ಮಾವಾ, ನಾನು ಹಾಕಿದ್ದೇ ಅಲ್ಲ!"

ಅವಳು ಹಾಕಿದ್ದಲ್ಲ, ನಿಜ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಸೆಟಪ್ ಮಾಡಿದಾಗ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಬಯಾಸ್ ಅಥವಾ ಬೂಟ್ ಫೈಲ್ ಬದಲಾದರೆ "ಇದು ಅದೇ ಕಂಪ್ಯೂಟರಾ?" ಅಂತ ಚಿಪ್ಪಿಗೆ ಅನುಮಾನ ಬಂದು ಕೀ ಕೇಳುತ್ತದೆ. 2024ರ ಜುಲೈ 9ರ ಅಪ್‌ಡೇಟ್ ಆದ ಮೇಲೆ ಹೀಗೆ ಕೆಲವು ಕಂಪ್ಯೂಟರ್‌ಗಳು ಕೀ ಕೇಳಿದ್ದವು. 2025ರ ಮೇ ತಿಂಗಳಲ್ಲಿ ಇಂಟೆಲ್‌ನ ವಿಪ್ರೊ (vPro) ಚಿಪ್ ಇರುವ ಕೆಲವು ವಿಂಡೋಸ್ 10 ಕಂಪ್ಯೂಟರ್‌ಗಳಿಗೂ ಇದೇ ಆಯಿತು, ಆಮೇಲೆ ಸರಿಪಡಿಸುವ ಅಪ್‌ಡೇಟ್ ಬಂತು.

ಕೀ ಹುಡುಕೋದು ಹೀಗೆ. ಪರದೆಯಲ್ಲಿ ಕೀ ಐಡಿ ಅಂತ ಉದ್ದ ಸಾಲು ಇದೆ, ಅದರ ಮೊದಲ ಎಂಟು ಅಕ್ಷರ ಬರೆದುಕೊಳ್ಳಿ. ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯ ಸೈಟಿಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪ್ ಹುಡುಕಿ, ಬಿಟ್‌ಲಾಕರ್ ಕೀ ನೋಡಿ ಅನ್ನುವುದನ್ನು ಒತ್ತಿ. ಅಲ್ಲಿ ಎರಡು ಮೂರು ಕೀ ಇರಬಹುದು. ಎಂಟು ಅಕ್ಷರ ಹೊಂದುವುದನ್ನೇ ತೆಗೆದುಕೊಳ್ಳಿ. ಆರಾರು ಅಂಕಿಯ ಎಂಟು ಗುಂಪು, ಒಬ್ಬರು ಓದಲಿ, ಒಬ್ಬರು ಒತ್ತಲಿ. ಅಂಕಿಯ ಕೀ ಕೈಕೊಟ್ಟರೆ ಎಫ್1ರಿಂದ ಎಫ್9 ಕೀಗಳೇ ಅಂಕಿ, ಎಫ್10 ಅಂದರೆ ಸೊನ್ನೆ.

ನಮ್ಮ ಹುಡುಗಿಯ ಖಾತೆಯಲ್ಲಿ ಕೀ ಇರಲಿಲ್ಲ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರು ಸೆಟಪ್ ಮಾಡಿಕೊಟ್ಟಿದ್ದರು. ಯಾವ ಇಮೇಲ್ ಹಾಕಿದ್ದರೋ ಯಾರಿಗೂ ನೆನಪಿಲ್ಲ. ಪುಣ್ಯಕ್ಕೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಆ ನೀಲಿ ಪರದೆಯಲ್ಲೇ ಕೀ ಯಾವ ಖಾತೆಯಲ್ಲಿದೆ ಅನ್ನುವ ಸುಳಿವು ಇರುತ್ತದೆ, ಇಮೇಲ್‌ನ ಮೊದಲ ಒಂದೆರಡು ಅಕ್ಷರ ಕಾಣುವ ಹಾಗೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಭಾವನ ಹೆಸರಿನ ಮೊದಲಕ್ಷರ! ಸರಿ, ಭಾವನ ಖಾತೆ. ಪಾಸ್‌ವರ್ಡ್ ಮರೆತಿದೆ, ಒಟಿಪಿ ಹೋಗೋದು ಭಾವನ ಫೋನಿಗೆ, ಭಾವ ಘಟ್ಟದ ಮೇಲೆ ತೋಟದಲ್ಲಿ. ಅಲ್ಲಿ ನೆಟ್‌ವರ್ಕ್ ಇಲ್ಲ.

ಎರಡು ಒಟಿಪಿ ಹಾಗೇ ಹಳಸಿದವು. ಎಸ್ಸೆಮ್ಮೆಸ್ ಭಾವನಿಗೆ ಮುಟ್ಟುವ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು. ಆಮೇಲೆ ಕ್ರಮ ತಿರುಗಿಸಿದೆವು. ಮೊದಲು ಭಾವ ಕೊಡೆ ಹಿಡಿದು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ನಿಂತರು. "ಬಂದು ನಿಂತೆ" ಅಂತ ಫೋನ್ ಬಂದ ಮೇಲೆ ಇವಳು ಕಾರವಾರದಲ್ಲಿ ಒಟಿಪಿ ಕಳಿಸಿ ಅಂತ ಒತ್ತಿದಳು. ಮಳೆಯಲ್ಲಿ ಅಂಕಿ ಓದಿದರು, ಖಾತೆ ತೆರೆಯಿತು, ಕೀ ಸಿಕ್ಕಿತು. ಆ ಕಡೆ ಇರುವವರಿಗೆಲ್ಲ ನನ್ನ ಸಲಹೆ ಇಷ್ಟೇ: ಒಟಿಪಿ ಬೇಕಾದರೆ ಮೊದಲು ಮನುಷ್ಯನನ್ನು ಗುಡ್ಡ ಹತ್ತಿಸಿ, ಆಮೇಲೆ ಬಟನ್ ಒತ್ತಿ.

ಕೀ ಕೊಟ್ಟ ಮೇಲೂ ಪ್ರತಿ ಸಲ ಕೇಳುತ್ತಿದ್ದರೆ ವಿಂಡೋಸ್ ಒಳಗೆ ಹೋಗಿ ಕಂಟ್ರೋಲ್ ಪ್ಯಾನಲ್‌ನ ಬಿಟ್‌ಲಾಕರ್ ಪುಟದಲ್ಲಿ ರಕ್ಷಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಒಂದು ಸಲ ರೀಸ್ಟಾರ್ಟ್ ಮಾಡಿ, ಮತ್ತೆ ಶುರುಮಾಡಿ. ಚಿಪ್ಪು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ. ಕೀ ಎಲ್ಲೂ ಸಿಗಲಿಲ್ಲ ಅಂದರೆ? ಡೇಟಾ ಹೋಯಿತು ಅಂತಲೇ ಲೆಕ್ಕ. ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು. ದುಡ್ಡು ಕೊಟ್ಟರೆ ತೆಗೆದುಕೊಡುತ್ತೇವೆ ಅನ್ನುವವರನ್ನು ನಂಬಬೇಡಿ.

ಖಾಲಿ ಡೆಸ್ಕ್‌ಟಾಪ್

ಪಾಸ್‌ವರ್ಡ್ ತೆಗೆದುಕೊಂಡಿತು, ಆದರೆ ಒಳಗೆ ಹೋದರೆ ಡೆಸ್ಕ್‌ಟಾಪ್ ಬೋಳು, ಫೈಲ್ ಒಂದೂ ಇಲ್ಲ, ಮೂಲೆಯಲ್ಲಿ "ತಾತ್ಕಾಲಿಕ ಪ್ರೊಫೈಲ್" ಅನ್ನುವ ಅರ್ಥದ ಸಂದೇಶ. ಫೈಲ್ ಎಲ್ಲೂ ಹೋಗಿಲ್ಲ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನ ಒಳಗೆ ನೋಡಿ, ಇರುತ್ತವೆ. ವಿಂಡೋಸ್‌ಗೆ ನಿಮ್ಮ ಪ್ರೊಫೈಲ್ ತೆರೆಯಲು ಆಗದೆ ಖಾಲಿ ಒಂದನ್ನು ಕೊಟ್ಟಿದೆ. ಈ ಖಾಲಿ ಡೆಸ್ಕ್‌ಟಾಪ್‌ನಲ್ಲಿ ಏನನ್ನೂ ಉಳಿಸಬೇಡಿ, ಸೈನ್ ಔಟ್ ಆದ ಕೂಡಲೇ ಅಳಿಸಿಹೋಗುತ್ತದೆ. ಎರಡು ಮೂರು ಸಲ ಪೂರ್ತಿ ರೀಸ್ಟಾರ್ಟ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಮೊದಲು ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ರಿಜಿಸ್ಟ್ರಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಗೊತ್ತಿರುವವರನ್ನು ಕರೆಯಿರಿ. ಪ್ರೊಫೈಲ್‌ಲಿಸ್ಟ್ ಅನ್ನುವ ಜಾಗದಲ್ಲಿ ನಿಮ್ಮ ಖಾತೆಯ ಸಾಲು ಎರಡು ಸಲ ಇರುತ್ತದೆ, ಒಂದರ ಬಾಲಕ್ಕೆ ಬಿಎಕೆ ಅಂತ ಅಂಟಿರುತ್ತದೆ. ಅದನ್ನು ಸರಿಮಾಡುವುದು ಐದು ನಿಮಿಷದ ಕೆಲಸ, ಕೈ ತಪ್ಪಿದರೆ ಐದು ಗಂಟೆಯ ಕೆಲಸ.

ಪಕ್ಕದ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿದಾಗ

ಅಂಗಡಿ, ಮಂಡಿ, ಸೊಸೈಟಿಗಳಲ್ಲಿ ಜಾಸ್ತಿ ತಲೆ ತಿನ್ನುವುದು ಇದು. ಒಳಗಿನ ರೂಮಿನಲ್ಲಿ ಒಂದು ಕಂಪ್ಯೂಟರ್, ಅದರಲ್ಲಿ ಲೆಕ್ಕದ ಫೋಲ್ಡರ್, ಪ್ರಿಂಟರ್. ಹೊರಗಿನ ಕೌಂಟರಿನಿಂದ ಅದನ್ನು ತೆರೆಯುವುದು. ವರ್ಷಗಟ್ಟಲೆ ಪಾಸ್‌ವರ್ಡ್ ಇಲ್ಲದೆ ನಡೆದಿತ್ತು, ಅಪ್‌ಡೇಟ್ ಆದ ಮರುದಿನ "ನೆಟ್‌ವರ್ಕ್ ಕ್ರೆಡೆನ್ಷಿಯಲ್ಸ್ ಕೊಡಿ" ಅಂತ ಪೆಟ್ಟಿಗೆ. ಅಂದರೆ ಒಳಗಿನ ಕಂಪ್ಯೂಟರಿನ ಖಾತೆಯ ಹೆಸರು, ಪಾಸ್‌ವರ್ಡ್ ಕೊಡಿ ಅಂತ.

ಕಾರಣ ಇದೆ. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ವಿಂಡೋಸ್ ಪ್ರೊ ಇರುವ ಕಂಪ್ಯೂಟರ್‌ಗಳು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ಒಪ್ಪುವುದು ನಿಲ್ಲಿಸಿದವು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಆ ಗೆಸ್ಟ್ ಬಾಗಿಲನ್ನೇ ಮತ್ತೆ ತೆರೆಯುವ ಉಪಾಯಗಳು ಸಿಗುತ್ತವೆ. ಮಾಡಬೇಡಿ. ಸರಿಯಾದ ದಾರಿಗೆ ಕಾಲು ಗಂಟೆ ಸಾಕು.

ಒಳಗಿನ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಒಂದು ಹೊಸ ಲೋಕಲ್ ಖಾತೆ ಮಾಡಿ. ಇಮೇಲ್ ಕೇಳಿದಾಗ "ಈ ವ್ಯಕ್ತಿಯ ಮಾಹಿತಿ ನನ್ನ ಬಳಿ ಇಲ್ಲ" ಒತ್ತಿ, ಮುಂದಿನ ಪುಟದಲ್ಲಿ "ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರ" ಆರಿಸಿ. ಹೆಸರು ಕೌಂಟರ್ ಅಂತಲೇ ಇಡಿ, ಇಂಗ್ಲಿಷ್ ಅಕ್ಷರದಲ್ಲಿ. ಪಾಸ್‌ವರ್ಡ್ ಖಾಲಿ ಬಿಡಬೇಡಿ, ಖಾಲಿ ಪಾಸ್‌ವರ್ಡ್‌ನ ಖಾತೆಯನ್ನು ನೆಟ್‌ವರ್ಕ್ ಮೂಲಕ ವಿಂಡೋಸ್ ಬಿಡೋದಿಲ್ಲ. ಆಮೇಲೆ ಲೆಕ್ಕದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಶೇರಿಂಗ್‌ನಲ್ಲಿ ಈ ಖಾತೆಗೆ ಓದುವ ಬರೆಯುವ ಅನುಮತಿ ಕೊಡಿ.

ಹೊರಗಿನ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಒತ್ತಿ ಕ್ರೆಡೆನ್ಷಿಯಲ್ ಮ್ಯಾನೇಜರ್ ಹುಡುಕಿ ತೆರೆಯಿರಿ. ವಿಂಡೋಸ್ ಕ್ರೆಡೆನ್ಷಿಯಲ್ಸ್ ಒಳಗೆ ಒಳಗಿನ ಕಂಪ್ಯೂಟರಿನ ಹೆಸರಲ್ಲಿ ಹಳೆಯದು ಏನಾದರೂ ಇದ್ದರೆ ಅಳಿಸಿ. ಹೊಸದು ಸೇರಿಸಿ: ಮೊದಲ ಖಾನೆಯಲ್ಲಿ ಒಳಗಿನ ಕಂಪ್ಯೂಟರಿನ ಹೆಸರು, ಎರಡನೆಯದರಲ್ಲಿ ಕಂಪ್ಯೂಟರ್ ಹೆಸರು, ಹಿಂದಕ್ಕೆ ವಾಲಿದ ಗೆರೆ, ಖಾತೆಯ ಹೆಸರು, ಮೂರನೆಯದರಲ್ಲಿ ಪಾಸ್‌ವರ್ಡ್. ಇಲ್ಲಿ ಪಿನ್ ನಡೆಯೋದಿಲ್ಲ. ಪಿನ್ ಆ ಕಂಪ್ಯೂಟರ್ ಬಿಟ್ಟು ಹೊರಗೆ ಬರೋದಿಲ್ಲ ಅಂದೆನಲ್ಲ, ಅದಕ್ಕೇ. ಎರಡೂ ಕಡೆ ನೆಟ್‌ವರ್ಕ್ "ಪ್ರೈವೇಟ್" ಅಂತ ಇದೆಯಾ ಅಂತಲೂ ನೋಡಿಬಿಡಿ.

ಇಷ್ಟಾದರೂ ಸರಿಯಾದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೇಳುತ್ತಿದೆಯಾ? ನನಗೆ ಎರಡು ದಿನ ತಿಂದ ಕೇಸು ಇದು. ಒಂದೇ ದಿನ ಕೊಂಡ ಮೂರು ಕಂಪ್ಯೂಟರ್, ಮೂರಕ್ಕೂ ಪಾಸ್‌ವರ್ಡ್ ಸರಿ, ಆದರೂ ಒಂದಕ್ಕೊಂದು ಒಳಗೆ ಬಿಡುತ್ತಿಲ್ಲ. ಕೊನೆಗೆ ಮೂರರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ಹೂಆಮ್‌ಐ ಕಮಾಂಡನ್ನು, ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ ಯೂಸರ್ ಅಂತ ಸೇರಿಸಿ (whoami /user) ಓಡಿಸಿದೆ. ಎಸ್-1-5-21 ಅಂತ ಶುರುವಾಗುವ ಉದ್ದ ಸಂಖ್ಯೆ ಬರುತ್ತದೆ. ಕೊನೆಯ ಅಡ್ಡಗೆರೆ ಆದಮೇಲಿನ ತುಂಡು ಬಿಟ್ಟರೆ ಉಳಿದದ್ದು ಆ ಕಂಪ್ಯೂಟರಿನ ಗುರುತು. ಪ್ರತಿ ಕಂಪ್ಯೂಟರಿಗೂ ಬೇರೆ ಇರಬೇಕು. ಮೂರರಲ್ಲೂ ಅಕ್ಷರ ಬಿಡದೆ ಒಂದೇ! ಜೋಡಿಸಿಕೊಟ್ಟವರು ಒಂದಕ್ಕೆ ವಿಂಡೋಸ್ ಹಾಕಿ ಆ ಡಿಸ್ಕನ್ನೇ ಉಳಿದ ಎರಡಕ್ಕೂ ನಕಲು ಹೊಡೆದಿದ್ದರು. ಮೊದಲು ಇದು ನಡೆಯುತ್ತಿತ್ತು. 2025ರ ಆಗಸ್ಟ್ 29 ಮತ್ತು ಅದರ ನಂತರ ಬಂದ ಅಪ್‌ಡೇಟ್‌ಗಳಲ್ಲಿ ವಿಂಡೋಸ್ 11ರ 24ಎಚ್2, 25ಎಚ್2 ಈ ಗುರುತನ್ನು ಗಟ್ಟಿಯಾಗಿ ಪರೀಕ್ಷಿಸಲು ಶುರುಮಾಡಿದವು, ಒಂದೇ ಗುರುತಿನ ಕಂಪ್ಯೂಟರ್‌ಗಳು ಒಂದನ್ನೊಂದು ಒಪ್ಪುವುದಿಲ್ಲ. ಇದಕ್ಕೆ ನೆಟ್ಟಗಿನ ದಾರಿ ಅಂದರೆ ಆ ಕಂಪ್ಯೂಟರ್‌ಗಳಿಗೆ ಹೊಸದಾಗಿ ವಿಂಡೋಸ್ ಹಾಕುವುದು. ಜೋಡಿಸಿಕೊಟ್ಟವರಿಗೇ ಹೇಳಿ, ಪುಕ್ಕಟೆ ಮಾಡಿಕೊಡಬೇಕಾದ ಕೆಲಸ ಅದು.

ಹೌದೋ ಅಲ್ಲವೋ ಅನ್ನುವ ಪೆಟ್ಟಿಗೆ, ಮತ್ತೆ ಕೆಲವು ಚಿಲ್ಲರೆ

ಸಾಫ್ಟ್‌ವೇರ್ ತೆರೆದ ಕೂಡಲೇ ಪರದೆ ಮಬ್ಬಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿದ್ದರೆ ನಿಮ್ಮದು ಸಾಧಾರಣ ಖಾತೆ, ಅಡ್ಮಿನ್ ಬೇರೆ ಯಾರೋ. 2025ರ ಆಗಸ್ಟ್ ಅಪ್‌ಡೇಟ್ ನಂತರ ಆಟೋಕ್ಯಾಡ್‌ನಂಥ ಕೆಲವು ಸಾಫ್ಟ್‌ವೇರ್‌ಗಳು ಸುಮ್ಸುಮ್ನೆ ಹೀಗೆ ಕೇಳಲು ಶುರುಮಾಡಿದ್ದವು. ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಅದನ್ನು ತಗ್ಗಿಸಿದರು. ಅಂದರೆ ಇಲ್ಲಿ ಮದ್ದು ಅಪ್‌ಡೇಟ್ ತೆಗೆಯುವುದಲ್ಲ, ಮುಂದಿನದನ್ನು ಹಾಕುವುದು.

ಚಹಾ ಕುಡಿದು ಬರುವಷ್ಟರಲ್ಲಿ ಲಾಕ್ ಆಗುತ್ತಿದೆಯಾ? ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್ ಇನ್ ಆಪ್ಷನ್ಸ್‌ನಲ್ಲಿ "ನೀವು ಹೊರಗೆ ಹೋಗಿದ್ದರೆ ಯಾವಾಗ ಮತ್ತೆ ಕೇಳಬೇಕು" ಅನ್ನುವ ಪ್ರಶ್ನೆ ಇದೆ. ಅಲ್ಲೇ ಕೆಳಗೆ ಡೈನಾಮಿಕ್ ಲಾಕ್ ಇದೆ, ಬ್ಲೂಟೂತ್ ಫೋನ್ ದೂರ ಹೋದರೆ ಲಾಕ್ ಮಾಡುತ್ತದೆ. ಸ್ಕ್ರೀನ್ ಸೇವರ್ ಸೆಟ್ಟಿಂಗ್‌ನಲ್ಲೂ ಒಂದು ಟಿಕ್ ಇರುತ್ತದೆ. ಮೂರನ್ನೂ ನೋಡಿ. ಮನೆಯಲ್ಲಿ ಬಿಡಿ, ಕೌಂಟರಿನ ಕಂಪ್ಯೂಟರಿಗೆ ಮಾತ್ರ "ಎಂದೂ ಬೇಡ" ಅಂತ ಇಡಬೇಡಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ಅದರಾಚೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಬೇಕು ಅಂತ ನೋಂದಾಯಿಸಲು ಹೋದರೆ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಅದು ದೋಷವಲ್ಲ, ಷರತ್ತು.

ಮತ್ತೆ ನಮ್ಮ ಕಡೆಯ ವಿಶೇಷ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುವ ಹಳೇ ಕಂಪ್ಯೂಟರ್. ತಾರೀಖು ತಪ್ಪಿದರೆ ಸೈಟುಗಳು ತೆರೆಯೋದಿಲ್ಲ, ಲಾಗಿನ್ ನಿಲ್ಲೋದಿಲ್ಲ, ಅಥೆಂಟಿಕೇಟರ್ ಕೋಡ್‌ಗಳೂ ಆ ಕಂಪ್ಯೂಟರಿನಲ್ಲಿದ್ದರೆ ತಪ್ಪುತ್ತವೆ. ಬೈಗುಳ ಅಪ್‌ಡೇಟ್‌ಗೆ, ತಪ್ಪು ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ಲಿನದು. ಸೆಲ್ಲು ಬದಲಿಸಿ.

ಉಬುಂಟು ಬಳಸುವವರಿಗೆ ಕ್ರೋಮ್ ತೆರೆದಾಗ "ಲಾಗಿನ್ ಕೀರಿಂಗ್ ತೆರೆದಿಲ್ಲ" ಅಂತ ಬಂದರೆ, ಆಟೋಮ್ಯಾಟಿಕ್ ಲಾಗಿನ್ ಆನ್ ಆಗಿದೆ ಅಂತ ಅರ್ಥ. ಅದನ್ನು ತೆಗೆದು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ಕೀರಿಂಗ್ ತಾನಾಗಿ ತೆರೆಯುತ್ತದೆ.

ಅಪ್‌ಡೇಟ್ ತೆಗೆಯುವುದು ಯಾವಾಗ

ಮೇಲಿನದು ಯಾವುದೂ ಹೊಂದಲಿಲ್ಲ, ತೊಂದರೆ ಶುರುವಾದದ್ದು ಖಂಡಿತ ಅಪ್‌ಡೇಟ್ ಆದ ದಿನವೇ ಅಂತಾದರೆ ಮಾತ್ರ. ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ. ಅಲ್ಲಿ ತಾರೀಖು ನೋಡಿ. ಕೆಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ, ಆ ಒಂದನ್ನು ತೆಗೆದು, ಅಪ್‌ಡೇಟನ್ನು ಒಂದು ವಾರ ನಿಲ್ಲಿಸಿಡಿ. ಇಡೀ ಆವೃತ್ತಿಯೇ ಬದಲಾಗಿದ್ದರೆ ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಇರುತ್ತದೆ, ಹತ್ತು ದಿನದ ಒಳಗೆ ಮಾತ್ರ. ಇದನ್ನೆಲ್ಲ ಮಾಡುವ ಮೊದಲು ಬಿಟ್‌ಲಾಕರ್ ಕೀ ಕೈಯಲ್ಲಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಸರಿಯಿರಲಿ. ಅರ್ಧಕ್ಕೆ ಕರೆಂಟ್ ಹೋದರೆ ಇನ್ನೊಂದು ದೊಡ್ಡ ಕತೆ.

ಮುಂದಿನ ಎರಡನೇ ಮಂಗಳವಾರದ ಒಳಗೆ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಮನೆಯ ಪ್ರತಿ ಕಂಪ್ಯೂಟರಿಗೂ ಯಾವ ಇಮೇಲ್, ಒಟಿಪಿ ಯಾರ ಫೋನಿಗೆ, 48 ಅಂಕಿಯ ಕೀ ಯಾವುದು, ಒಂದು ಹಾಳೆಯಲ್ಲಿ ಬರೆಯಿರಿ. ಪಾಸ್‌ವರ್ಡ್ ಮಾತ್ರ ಅದೇ ಹಾಳೆಯಲ್ಲಿ ಬೇಡ. ಕಾರವಾರದ ಲ್ಯಾಪ್‌ಟಾಪಿನ ಕೀಯನ್ನು ಅಕ್ಕ ಬಾಲ್‌ಪೆನ್ನಿನಲ್ಲಿ ಬರೆದು, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಪಹಣಿ ಕಾಗದಗಳ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಎರಡು ಕವರು ಯಾಕೆ ಅಂತ ಕೇಳಿದ್ದಕ್ಕೆ, ಹೋದ ವರ್ಷ ಆ ಟ್ರಂಕಿನಲ್ಲಿ ರೇಷನ್ ಕಾರ್ಡಿಗೇ ಬೂಸ್ಟು ಬಂದಿತ್ತಂತೆ.